ಬಯಲಲ್ಲಿ ಬಿಟ್ಟ ಆಲೂಗಡ್ಡೆ

ಮುದುಕಿಗೆ ತಲೆ ಕೆಟ್ಟಿದೆ ಎಂದು ಹೆಂಡ್ರಿಕ್ ತೀರ್ಮಾನಿಸಿದ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಅವನ ಬಾಟಲಿಯ ನೀರು ಆಗಲೇ ಹೆಪ್ಪುಗಟ್ಟತೊಡಗಿದೆ. ಸಾತುರ್ನಿನಾ ಮಾತ್ರ ಎರಡು ಮೂಟೆ ಆಲೂಗಡ್ಡೆಯನ್ನು ಬಯಲ ಹುಲ್ಲಿನ ಮೇಲೆ, ಒಂದರ ಮೇಲೊಂದು ಬೀಳದ ಹಾಗೆ, ಒಪ್ಪವಾಗಿ ಹರಡಿ ಕೈ ಕೊಡವಿಕೊಂಡಳು.

ಹೆಂಡ್ರಿಕ್ ಹಾಲೆಂಡಿನವನು. ಬೆಳೆಶಾಸ್ತ್ರ ಓದಲು ಆಂಡೀಸ್ ಪರ್ವತಸಾಲಿನ ಕುಸ್ಕೊ ನಗರಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಹೀಗಾಗಿ ಆಂಡೀಸಿನ ಬಗ್ಗೆ ಅವನಿಗೆ ತಿಳಿಯದ್ದೇನೂ ಉಳಿದಿರಲಿಲ್ಲ. ಔಸಂಗಾತೆ ಬೆಟ್ಟವನ್ನು ಒಬ್ಬನೇ ಸುತ್ತಿ ಬರುತ್ತೇನೆಂದು ಹೊರಟಿದ್ದ. ಮೊದಲ ದಿನ ಬೆನ್ನಮೇಲೆ ಹೊತ್ತು ತಂದ ಪುಟ್ಟ ಒಲೆ ಹೊಳೆಪಾಲಾಯಿತು. ಎರಡನೆಯ ದಿನ, ದಾರಿ ಬಲ್ಲದ್ದೆಂದು ನಂಬಿ ಲಾಮಾ ಎಂಬ, ಹೊರೆ ಹೊರುವ ಉಣ್ಣೆಯ ಪ್ರಾಣಿಯೊಂದರ ಹಿಂದೆ ನಾಲ್ಕು ಗಂಟೆ ನಡೆದ. ಲಾಮಾಕ್ಕೆ ದಾರಿ ಚೆನ್ನಾಗಿಯೇ ಗೊತ್ತಿತ್ತು. ಅದು ತನ್ನ ಮನೆಗೆ ಬಂತು. ಅಂದರೆ ಸಾತುರ್ನಿನಾಳ ಕೊಟ್ಟಿಗೆಗೆ.

"ಒಳಗೆ ಬಂದು ಮಲಕ್ಕೋ ಮಗಾ. ಇವತ್ತು ಕಲ್ಲೂ ನಡುಗತ್ತೆ."

"ನನ್ನ ಟೆಂಟು ಎಂಥಾ ಚಳಿಯಾದ್ರೂ ತಡಿಯತ್ತಮ್ಮಾ."

"ಅದು ತಡಿಯತ್ತೆ. ನೀನು?"

ಪಕ್ಕದ ಮನೆಯ ಎವರಿಸ್ತೊ ನಕ್ಕ. "ಬಿಡು ಸಾತುರ್ನಿನಕ್ಕಾ, ಓದಿದೋರು. ಲಾಮಾ ಹತ್ರ ದಾರಿ ಕೇಳ್ಕೊಂಡು ಬಂದೋರು."

ಹೆಂಡ್ರಿಕ್ ಅದನ್ನು ಕೇಳಿಸಿಕೊಳ್ಳಲಿಲ್ಲ. "ಈ ಗಡ್ಡೆಗಳು?"

"ಇಲ್ಲೇ ಇರ್ಲಿ. ಮುಂದಿನ ಬೆಳೆ ತನಕ ನನಗೂ ಮೊಮ್ಮಕ್ಕಳಿಗೂ ಇದೇ ಊಟ. ಇದು ಕೆಟ್ರೆ ಒಲೆ ಹಚ್ಚೋ ಹಾಗೇ ಇಲ್ಲ."

ಅವಳು ಮೂರು ಕೋಕಾ ಎಲೆ ಬೆರಳಲ್ಲಿ ಹಿಡಿದು ಶಿಖರದ ಕಡೆ ಉಸಿರೂದಿದಳು. "ಬೆಟ್ಟದಪ್ಪಾ, ಇವತ್ತೊಂದು ರಾತ್ರಿ ಕೈ ಬಿಡಬೇಡ."

ಹೆಂಡ್ರಿಕ್‌ನ ಕಣ್ಣು ತುಂಬಿ ಬಂತು. ಚಳಿ ಹೊಡೆದ ಆಲೂಗಡ್ಡೆ ಕೊಳೆಯುತ್ತದೆ ಎನ್ನುವುದು ಮೊದಲ ವರ್ಷದ ಪಾಠ. ಬೆಟ್ಟದಪ್ಪ ಆ ಪಾಠ ಓದಿರಲಾರ. ಕತ್ತಲಾದ ಮೇಲೆ ಸುತ್ತ ನೋಡಿದರೆ ಊರಿಗೆ ಊರೇ ಗಡ್ಡೆ ಹರಡಿ, ಬಾಗಿಲು ಹಾಕಿಕೊಂಡು, ನೆಮ್ಮದಿಯಾಗಿ ಮಲಗಿತ್ತು. ಎಲ್ಲರನ್ನೂ ಉದ್ಧರಿಸಲು ಅವನಲ್ಲಿ ಇದ್ದದ್ದು ಒಂದೇ ಟೆಂಟು.

ಸಾತುರ್ನಿನಾಳ ಗಡ್ಡೆಗಳನ್ನು ಗುಡ್ಡೆ ಹಾಕಿದ. ಮಲಗುವ ಚೀಲ ಹೊದಿಸಿದ. ಅದರ ಮೇಲೆ ಉಣ್ಣೆಯಂಗಿ, ಅದರ ಮೇಲೆ ಟೆಂಟು. ಕೊನೆಗೆ ಕಾಲುಚೀಲವನ್ನೂ ಬಿಚ್ಚಿ ಸಂದಿಗೆ ತುರುಕಿದ. ಆಮೇಲೆ ಕೊಟ್ಟಿಗೆಗೆ ಹೋಗಿ ಲಾಮಾಗಳ ನಡುವೆ ನುಸುಳಿ ಕುಳಿತ. ಪರರಿಗಾಗಿ ನೋಯುವವನ ಮುಖದಲ್ಲೊಂದು ಕಾಂತಿ ಮೂಡುತ್ತದೆಯಂತೆ. ಹೆಂಡ್ರಿಕ್‌ನ ಮುಖದಲ್ಲಿ ಮೂಡಿದ್ದು ನೀಲಿ ಬಣ್ಣ.

ಬೆಳಗಾದಾಗ ಬಯಲೆಲ್ಲ ಬೆಳ್ಳಗಿತ್ತು. ಎವರಿಸ್ತೊ ಓಡಿ ಬಂದು ತನ್ನ ಎರಡು ಗಡ್ಡೆ ಎತ್ತಿ ಒಂದಕ್ಕೊಂದು ಬಡಿದ. ಕಲ್ಲಿನ ಹಾಗೆ ಟಕ್ಕೆಂದವು. ಅವನು ಶಿಲುಬೆಯ ಗುರುತು ಹಾಕಿಕೊಂಡು ಗಹಗಹಿಸಿದ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ದುಃಖ ಮಿತಿಮೀರಿದರೆ ಮನುಷ್ಯ ನಗುವುದುಂಟೆಂದು ಹೆಂಡ್ರಿಕ್ ಓದಿದ್ದ. ಅವನು ಸಾತುರ್ನಿನಾಳ ಕೈ ಹಿಡಿದು ಕರೆತಂದ. ಟೆಂಟು ಎತ್ತಿದ. "ನೋಡಮ್ಮಾ. ಒಂದಕ್ಕೂ ಚಳಿ ತಾಗಿಲ್ಲ."

ಅವಳು ಒಂದು ಗಡ್ಡೆ ತೆಗೆದು ಹೆಬ್ಬೆರಳಲ್ಲಿ ಒತ್ತಿದಳು. ಶಿಖರವನ್ನೊಮ್ಮೆ ನೋಡಿದಳು. ಅವನನ್ನೊಮ್ಮೆ ನೋಡಿದಳು. ಹೆಂಡ್ರಿಕ್ ಆಶೀರ್ವಾದಕ್ಕೆ ತಲೆ ತಗ್ಗಿಸಿದ.

"ಅಯ್ಯೋ ಮಗಾ, ಇವು ಹೆಪ್ಪುಗಟ್ಟಿ ಆಮೇಲೆ ಬಿಸಿಲಲ್ಲಿ ಒಣಗಿದ್ರೇನೇ ವರ್ಷಗಟ್ಲೆ ಕೆಡದೆ ಉಳಿಯೋದು, ಇಂಥಾ ಒಂದು ಚಳಿಗೆ ನಾನು ಸುಗ್ಗಿಯಿಂದ ಹರಕೆ ಹೊತ್ತು ಕಾದಿದ್ರೆ, ನೀನು ಇವಕ್ಕೆ ಹೊದಿಸಿ ಮಲಗಿಸಿದ್ಯಾ!"