ಕಂಪ್ಯೂಟರಿಗೆ ಹೊದಿಸಿದ ದುಪ್ಪಟಿ

ಸಿಡಿಲು ಬಡಿದು ಕರೆಂಟು ಹೋಗಿ ಮನೆಯೆಲ್ಲ ಕತ್ತಲಾಯಿತು. ದುಪ್ಪಟಿಯೊಳಗಿಂದ ಸುಟ್ಟ ವಾಸನೆ ಬಂದಾಗ ಎನೇಯ್ದಾ ದಡಬಡಿಸಿ ಎದ್ದಳು. ಗುಡುಗಿದಾಗ ಕ್ಯೂಬಾದ ಹೆಂಗಸರು, ಸಿಡಿಲನ್ನು ಸೆಳೆಯುತ್ತದೆಂದು ಕನ್ನಡಿಗೆ ಬಟ್ಟೆ ಹೊದಿಸುವ ಹಾಗೆ, ಅವಳು ಮಗಳ ಕಂಪ್ಯೂಟರಿಗೂ ಹೊದಿಸಿದ್ದಳು. ಪ್ಲಗ್ ಕೀಳುವುದನ್ನು ಮಾತ್ರ ಮರೆತಿದ್ದಳು. ಹೊರಗೆ ಗೇಟು ಕಿರುಗುಟ್ಟಿತು; ಮಗಳು ಬಂದಳು. ಓಡಿಹೋಗಿ ಪ್ಲಗ್ ಕಿತ್ತೆಸೆದು, ಮಿಂಚಿನಲ್ಲಿ ಕಂಡ ಗೋಡೆಯ ಮಸಿಯನ್ನು ಅಂಗೈಯಲ್ಲೇ ಒರೆಸಿದಳು.

ಮಳೆಯಲ್ಲಿ ನೆನೆದು ಬಂದ ಯಾಮಿಲೆ ದುಪ್ಪಟಿ ಎಳೆದು ಹಾಗೇ ಕುಸಿದು ಕೂತಳು. ಹೊಗೆಸೊಪ್ಪಿನ ರೋಗದ ಬಗ್ಗೆ ಅವಳು ಬರೆದ ಪ್ರಬಂಧವೆಲ್ಲ ಆ ಕಂಪ್ಯೂಟರಿನೊಳಗೇ ಇತ್ತು.

"ಪ್ಲಗ್ ಕಿತ್ತಿದ್ದೆ ತಾನೇ, ಅಮ್ಮಾ?"

"ಕಿತ್ತಿದ್ನಲ್ಲೇ! ಮುಟ್ಟಿ ನೋಡು, ಅಲ್ಲೇ ಬಿದ್ದಿದೆ."

"ಹಾಗಾದ್ರೆ ತಪ್ಪು ನಂದೇ ಬಿಡು. ಇಂಟರ್ನೆಟ್ಟಿನ ಫೋನ್ ವೈರೂ ಕೀಳ್ಬೇಕು ಅಂತ ನಿಂಗೆ ಹೇಳೇ ಇರ್ಲಿಲ್ಲ. ನೀನು ಬೇಜಾರು ಮಾಡ್ಕೋಬೇಡ."

ಕತ್ತಲಲ್ಲೇ ತಾಯಿಯ ಕೈ ಎಳೆದು ಕೆನ್ನೆಗೊತ್ತಿಕೊಂಡಳು.

ಮತ್ತೆ ಮಿಂಚಿತು. ಮಗಳ ಕೆನ್ನೆಯ ಮೇಲೆ, ಹೊಡೆದ ಹಾಗೆ, ಎನೇಯ್ದಾಳ ಐದು ಬೆರಳೂ ಕಪ್ಪಗೆ ಮೂಡಿದ್ದವು.