ಒಂದು ಕೂಗಳತೆ ಜಾಗ

"ವಿಸ್ತೀರ್ಣ: ಹುಣಸೆಮರದಿಂದ ಒಂದು ಕೂಗಳತೆ." ಸ್ಮಶಾನದ ಹಳೇ ಪತ್ರ ಓದಿ ಸರ್ವೆಯರ್ ಮುನಿಶಾಮಿ ಸುಬ್ಬಮ್ಮನ ಕಡೆ ತಲೆ ಎತ್ತಿದ. "ಕೂಗು ಎಲ್ಲೀವರೆಗೆ ಕೇಳುತ್ತೋ ಅಲ್ಲೀವರೆಗೂ ಅಂತ, ಅಮ್ಮಾ. ನಮ್ಮ ತಮಿಳಲ್ಲಿ ಕೂಪ್ಪಿಡು ದೂರಂ ಅಂತೀವಿ, ತೆಲುಗರು ಕೂತವೇಟು ಅಂತಾರೆ. ಟೇಪಿಲ್ಲದ ಕಾಲ, ಎಲ್ಲರಿಗೂ ಗಂಟಲೇ ಅಳತೆ."

"ಹಂಗಾದ್ರೆ ಕೂಗು ದೊಡ್ಡಮ್ಮ," ಗೋಪಿ ನಕ್ಕ. ಪಕ್ಕದಲ್ಲಿ ತಾನು ಕಟ್ಟಿಸುತ್ತಿದ್ದ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅವನು ಸುಣ್ಣದ ಗೆರೆ ಎಳೆಸಿದ್ದು ಸುಬ್ಬಮ್ಮನ ಗಂಡನ ಸಮಾಧಿಯ ಮೇಲೇ. "ನಾನು ದೊಡ್ಡಪ್ಪನ ಸಮಾಧಿ ಹತ್ರ ನಿಂತಿರ್ತೀನಿ. ಕೇಳಿಸಿದ್ರೆ ತಿರುಗ್ತೀನಿ, ಗೆರೆ ಅಳಿಸ್ತೀನಿ. ಇಲ್ಲಾಂದ್ರೆ ಜಾಗ ನಂದು." ಹೋಗಿ ಬೆನ್ನು ಹಾಕಿ ನಿಂತ.

"ಗೋಪೀ!" ಹುಣಸೆಮರದ ಬುಡದಲ್ಲಿ ನಿಂತು ಸುಬ್ಬಮ್ಮ ಕೂಗಿದಳು. ಅವನು ಅಲುಗಲಿಲ್ಲ. "ಇನ್ನೊಂದೇ ಸಲ, ಅಮ್ಮಾ," ಅಂದ ಮುನಿಶಾಮಿ, ಪೆನ್ನಿನ ಮುಚ್ಚಳ ತೆಗೆಯುತ್ತಾ. ಅಷ್ಟರಲ್ಲಿ ಯಲಹಂಕದ ಕಡೆಯಿಂದ ವಿಮಾನವೊಂದು ಗುಡುಗುತ್ತಾ ಬಂತು. ಅದರ ಸದ್ದು ಪೂರ್ತಿ ಅಡಗುವವರೆಗೆ ಸುಬ್ಬಮ್ಮ ಕಾದಳು. ಸೆರಗು ಸೊಂಟಕ್ಕೆ ಸಿಗಿಸಿ, ಎರಡೂ ಕೈ ಬಾಯಿಗೆ ಹಿಡಿದು, ತಾಯಿಯಿಲ್ಲದ ಆ ಹುಡುಗನನ್ನು ಸಂಜೆ ಸಂಜೆ ಕೆರೆ ಏರಿಯಿಂದ ಕರೆಯುತ್ತಿದ್ದ ಹಾಗೇ ಕರೆದಳು:

"ಲೋ ಗೋಪೀ... ಮುದ್ದೆ ಆರೋಯ್ತದೆ, ಬಾರೋ!"

"ಬಂದೇ ದೊಡ್ಡಮ್ಮಾ!" ಅಂದ ಗೋಪಿ ಆಗಲೇ ತಿರುಗಿ ಎರಡು ಹೆಜ್ಜೆ ಇಟ್ಟಾಗಿತ್ತು.