ನಾಳೆ ಬರತಾಳ

ಮಗಳು ನೀಲಾ ತೀರಿಕೊಂಡ ಸುದ್ದಿ ಬಂದ ದಿನ ಚನ್ನವ್ವನ ಕಣ್ಣಿನಿಂದ ಒಂದು ಹನಿ ನೀರು ಬೀಳಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೂ ಅವಳು ಅಳಲಿಲ್ಲ. ದುಃಖದಲ್ಲಿರುವ ಹಿರಿಯರ ಮಾತು ಕೇಳುವ ಆಪ್ತ ಸಮಾಲೋಚಕಿಯೊಬ್ಬಳಿದ್ದಾಳೆ, ಹೋಗಿ ಕಾಣು ಎಂದ ಬಳಗದವರನ್ನು, "ನನಗೇನ ಹುಚ್ಚ ಹಿಡದೈತಿ?" ಎಂದು ಬೈದು ಕಳಿಸಿದಳು.

ವಾರದೊಳಗೆ ಗಂಡನಿಗೆ ಮರೆವು ಹತ್ತಿತು. "ನೀಲಾ ಯಾವಾಗ ಬರತಾಳ?" ಎಂದು ದಿನಕ್ಕೆ ಹತ್ತು ಸಲ ಕೇಳುವನು. "ನಾಳೆ ಬರತಾಳ್ರಿ" ಎಂದು ಅವಳು ಹತ್ತು ಸಲವೂ ಹೇಳುವಳು. ಕಡೆಗೆ ಅವನ ಕೈಹಿಡಿದು ಅದೇ ಸಮಾಲೋಚಕಿಯ ಎದುರು ತಂದು ಕೂರಿಸಿದಳು.

"ಖರೆ ಏನೈತಿ, ಅದನ್ನ ಇವರಿಗೆ ನೀವ ಹೇಳ್ರಿ ಅಮ್ಮಾ," ಎಂದಳು ಸಮಾಲೋಚಕಿ.

"ಬ್ಯಾಡ್ರಿ ಬಾಯಾರ," ಎಂದು ಚನ್ನವ್ವ ದನಿ ತಗ್ಗಿಸಿದಳು. "ಹೋದ ವರ್ಷ ಇವರ ಎದಿ ಆಪರೇಷನ್ ಆಗೈತಿ. ಕೇಳಿದರ ಜೀವಾ ಬಿಡತಾರ."

ಮುದುಕ ರೇಗಿ ಎದ್ದ. "ದಿನಾ ನಾಳೆ ಅಂತಿ. ಎಷ್ಟು ನಾಳೆ ಅದಾವ ನಿನ್ನ ಹಂತ್ಯಾಕ? ನಾನ ಹೋಗಿ ಕರಕೊಂಡ ಬರತೀನಿ. ನನ್ನ ಚಪ್ಪಲಿ ಎಲ್ಲಿ?"

ಚನ್ನವ್ವ ಬಾಗಿಲಿಗೆ ಅಡ್ಡ ನಿಂತು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಎಲ್ಲಿಗೆ ಹೊಂಟೀರಿ? ಅಕಿ ಇಲ್ರಿ. ನಮ್ಮ ನೀಲಾ ಸತ್ತಾಳ್ರಿ!" ಎಂದವಳೇ ಅವನ ಎದೆಗೆ ಹಣೆ ಹಚ್ಚಿ ಬೋರಾಡಿ ಅತ್ತಳು.

ಅವನು ಅವಳ ತಲೆ ನೇವರಿಸುತ್ತ ಸಮಾಲೋಚಕಿಯ ಕಡೆ ನೋಡಿದ.

"ಐವತ್ತು ದಿನಕ್ಕ ಅತ್ತಳ್ರಿ ಬಾಯಾರ. ಇನ್ನ ನಾ ಮರತಾಂಗ ಮಾಡೂದು ಸಾಕು," ಎಂದು ಕಣ್ಣು ಮುಚ್ಚಿ ಕೈಮುಗಿದ. "ಶಿವನೇ, ನಮ್ಮ ನೀಲಾಗ ಶಾಂತಿ ಕೊಡು."